ನರಭಕ್ಷಕ: ಒಂದು ಪದದ ಚರಿತ್ರೆ

ಭೌತಶಾಸ್ತ್ರದ ಪಾಠ ಆರಂಭವಾಗುವುದು ಪದಗಳ ಅರ್ಥನಿಷ್ಕರ್ಷೆಯಿಂದ. ‘ಬಲ’, ‘ಕೆಲಸ’, ‘ಶಕ್ತಿ’ ಎಂಬ ಮಾತುಗಳನ್ನು ನಾವು ಬೀದಿಯಲ್ಲಿಯೂ ಬಳಸುತ್ತೇವೆ, ಪ್ರಯೋಗಶಾಲೆಯಲ್ಲಿಯೂ ಬಳಸುತ್ತೇವೆ. ಆದರೆ ಬೀದಿಯ ಅರ್ಥವನ್ನೇ ಪ್ರಯೋಗಶಾಲೆಗೆ ಕೊಂಡೊಯ್ದರೆ ಲೆಕ್ಕ ತಪ್ಪುತ್ತದೆ. ಅಳೆಯುವುದಕ್ಕೆ ಮೊದಲು, ಅಳೆಯತಕ್ಕದ್ದು ಏನು ಎಂಬುದು ಗೊತ್ತಾಗಬೇಕು. ಈ ನಿಯಮ ಭೌತಶಾಸ್ತ್ರಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ; ಪ್ರಾಣಿವಿಜ್ಞಾನಕ್ಕೂ ಮಾನವವಿಜ್ಞಾನಕ್ಕೂ ಅಷ್ಟೇ ಸಲ್ಲುತ್ತದೆ. ಅದಕ್ಕೆ ನಿದರ್ಶನವಾಗಿ ಒಂದು ಪದವನ್ನು ಪರಿಶೀಲಿಸೋಣ. ಆ ಪದ ‘ನರಭಕ್ಷಕ’.

ಕಾಡಂಚಿನ ಹಳ್ಳಿಯೊಂದರಲ್ಲಿ ಹುಲಿ ಮನುಷ್ಯನನ್ನು ಕೊಂದರೆ ಮರುದಿನದ ಪತ್ರಿಕೆಯಲ್ಲಿ ‘ನರಭಕ್ಷಕ ಹುಲಿ’ ಎಂಬ ಶೀರ್ಷಿಕೆ ಬರುತ್ತದೆ. ದೂರದ ದ್ವೀಪವೊಂದರ ಜನರ ಬಗೆಗೆ ಹಳೆಯ ಪ್ರವಾಸಕಥನವನ್ನು ಕನ್ನಡಿಸುವಾಗಲೂ ‘ನರಭಕ್ಷಕರು’ ಎಂದೇ ಬರೆಯುತ್ತೇವೆ. ಹೀಗೆ ಒಂದೇ ಮಾತು ಮೃಗಕ್ಕೂ ಮನುಷ್ಯನಿಗೂ ಸಲ್ಲುತ್ತದೆ. ಈ ಮಾತು ‘ಕೆಂಪು’, ‘ಎತ್ತರ’ ಎಂಬಂತೆ ಬರಿಯ ವರ್ಣನೆಯಲ್ಲ. ಅದರೊಳಗೆ ಒಂದು ತೀರ್ಪು ಅಡಗಿದೆ. ಒಮ್ಮೆ ಈ ಹೆಸರು ಬಿದ್ದ ಮೇಲೆ, ಅದನ್ನು ಹೊತ್ತವರನ್ನು ಕೊಲ್ಲುವುದಕ್ಕೋ ಸೆರೆಹಿಡಿಯುವುದಕ್ಕೋ ಬೇರೆ ಕಾರಣ ಬೇಕಾಗುವುದಿಲ್ಲ. ಇಂತಹ ಮಾತು ಯಾವ ಸಾಕ್ಷ್ಯದ ಮೇಲೆ ನಿಂತಿದೆ? ಅದರ ಚರಿತ್ರೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ.

ನಮ್ಮ ಪ್ರಾಚೀನರ ಮಾತುಗಳು

ಸಂಸ್ಕೃತದಲ್ಲಿ ತಿನ್ನುವುದೆಂಬ ಅರ್ಥದ ಧಾತುಗಳು ಹಲವು. ‘ಭಕ್ಷ್’ ಎಂಬುದರಿಂದ ಭಕ್ಷಕ, ಭಕ್ಷ್ಯ ಮುಂತಾದ ರೂಪಗಳು ಬಂದಿವೆ. ‘ಅದ್’ ಎಂಬುದರಿಂದ ‘ಪುರುಷಾದ’, ಎಂದರೆ ಪುರುಷನನ್ನು ತಿನ್ನುವವನು, ಎಂಬ ಪದ ಬಂದಿದೆ. ಈ ಎರಡನೆಯ ಮಾತು ಬಹಳ ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಅದು ಕಾಣುತ್ತದೆ. ಆದರೆ ಅಲ್ಲಿ ಅದು ಮನುಷ್ಯನಿಗಾಗಲಿ ಹುಲಿಗಾಗಲಿ ಹೇಳಿದ್ದಲ್ಲ, ಹಕ್ಕಿಗಳಿಗೆ ಹೇಳಿದ್ದು. ಆ ಹಕ್ಕಿಗಳೆಂದರೆ ಬಿಲ್ಲಿನಿಂದ ಹಾರುವ ಬಾಣಗಳೆಂದು ನಿರುಕ್ತಕಾರನಾದ ಯಾಸ್ಕನ ವಿವರಣೆ. ಇದರಂತೆಯೇ ಹಸಿಮಾಂಸವನ್ನು ತಿನ್ನುವುದೆಂಬ ಅರ್ಥದ ‘ಕ್ರವ್ಯಾದ್’ ಎಂಬ ಮಾತು, ವೇದದಲ್ಲಿ ಶವವನ್ನು ದಹಿಸುವ ಅಗ್ನಿಗೆ ವಿಶೇಷಣವಾಗಿದೆ. ಎಂದರೆ, ಆರಂಭದಲ್ಲಿ ಈ ಪದಗಳು ಯಾವುದೋ ಒಂದು ಜಾತಿಗೆ ಅಂಟಿದ ಹೆಸರುಗಳಾಗಿರಲಿಲ್ಲ. ಒಂದು ಕ್ರಿಯೆಯನ್ನು ಸೂಚಿಸುವ ವಿಶೇಷಣಗಳಾಗಿದ್ದುವು.

ಮುಂದೆ ಇತಿಹಾಸ ಪುರಾಣಗಳ ಕಾಲಕ್ಕೆ ಎರಡು ಬಗೆಯ ಬಳಕೆ ಕಾಣುತ್ತದೆ. ಏಕಚಕ್ರನಗರದ ಬಕನ ಕಥೆ ಎಲ್ಲರಿಗೂ ತಿಳಿದದ್ದು. ಬಕ ಹುಟ್ಟಿನಿಂದಲೇ ರಾಕ್ಷಸ; ಮನುಷ್ಯರನ್ನು ತಿನ್ನುವುದು ಅವನ ಕುಲಧರ್ಮ. ಮಹಾಭಾರತದಲ್ಲಿಯೇ ಬರುವ ಕಲ್ಮಾಷಪಾದನ ಕಥೆ ಬೇರೆ ಬಗೆಯದು. ಅವನು ಸೂರ್ಯವಂಶದ ರಾಜ. ಶಾಪಗ್ರಸ್ತನಾಗಿ ಮನುಷ್ಯರನ್ನು ತಿನ್ನತೊಡಗಿ ವಸಿಷ್ಠನ ಮಗನಾದ ಶಕ್ತಿಯನ್ನೇ ಭಕ್ಷಿಸಿದ. ಶಾಪ ಕಳೆದ ಮೇಲೆ ಮತ್ತೆ ರಾಜನಾದ. ಬೌದ್ಧರ ಜಾತಕಕಥೆಗಳಲ್ಲಿ ಬರುವ ‘ಪೋರಿಸಾದ’ನೂ ವಾರಾಣಸಿಯ ಅರಸು. ಮಾಂಸ ದೊರೆಯದ ದಿನ ಅಡಿಗೆಯವನು ಹೆಣದ ಮಾಂಸವನ್ನು ಬೇಯಿಸಿ ಬಡಿಸಿದುದರಿಂದ ರುಚಿಹತ್ತಿ ಕೆಟ್ಟವನು. ಸುತಸೋಮನ ಉಪದೇಶದಿಂದ ಅವನೂ ತಿದ್ದಿಕೊಂಡನೆಂದು ಕಥೆ ಹೇಳುತ್ತದೆ.

ಈ ಎರಡು ಬಗೆಗಳ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ನರಭಕ್ಷಣೆ ಒಂದು ಜಾತಿಯ ಸ್ವಭಾವ; ಎರಡನೆಯದರಲ್ಲಿ ಅದು ಒಬ್ಬ ವ್ಯಕ್ತಿಗೆ ಒದಗಿದ ಅವಸ್ಥೆ, ಅದಕ್ಕೊಂದು ಕಾರಣವುಂಟು. ಮುಂದಿನ ಎರಡೂವರೆ ಸಾವಿರ ವರ್ಷಗಳ ಕಾಲ ಈ ಪದದ ಸುತ್ತ ನಡೆದ ವಾದವೆಲ್ಲವೂ ಈ ಎರಡು ಅರ್ಥಗಳ ನಡುವಣ ಜಗ್ಗಾಟವೇ ಆಗಿದೆ.

ಪಾರಸಿಕರ ಮಾತು, ಗ್ರೀಕರ ಮೃಗ

ಕ್ರಿ. ಪೂ. 400ರ ಸುಮಾರಿನಲ್ಲಿ ಪರ್ಷಿಯದ ಚಕ್ರವರ್ತಿ ಎರಡನೆಯ ಅರ್ತಕ್ಷರ್ಕ್ಸನ ಆಸ್ಥಾನದಲ್ಲಿ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯನಿದ್ದ. ಆತ ಭಾರತವನ್ನು ಕಂಡವನಲ್ಲ. ಆಸ್ಥಾನದಲ್ಲಿ ಕೇಳಿದ ಸುದ್ದಿಗಳನ್ನು ಕೂಡಿಸಿ ಭಾರತವನ್ನು ಕುರಿತು ಗ್ರಂಥವೊಂದನ್ನು ಬರೆದ. ಅದರಲ್ಲಿ ಒಂದು ವಿಚಿತ್ರ ಮೃಗದ ವರ್ಣನೆಯಿದೆ. ಅದು ಸಿಂಹದಷ್ಟು ದೊಡ್ಡದು, ಮೈಬಣ್ಣ ಕೆಂಪು, ಮುಖ ಮನುಷ್ಯನ ಮುಖದಂತೆ, ಬಾಯಲ್ಲಿ ಮೂರು ಸಾಲು ಹಲ್ಲು, ಬಾಲದಲ್ಲಿ ಚೇಳಿನ ಕೊಂಡಿಯಂತಹ ಮುಳ್ಳುಗಳು. ಆ ಮುಳ್ಳುಗಳನ್ನು ಬಾಣಗಳಂತೆ ದೂರಕ್ಕೆ ಎಸೆಯಬಲ್ಲುದು. ಆ ಮೃಗದ ಹೆಸರು ‘ಮರ್ತಿಖೋರ’ ಎಂದೂ, ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಮನುಷ್ಯರನ್ನು ತಿನ್ನುವುದು’ ಎಂಬ ಅರ್ಥವೆಂದೂ ಆತ ಹೇಳಿದ.

ಆ ಹೆಸರು ಹಳೆಯ ಪಾರಸಿಕ ಭಾಷೆಯದು. ಅದರ ಪೂರ್ವಾರ್ಧವಾದ ‘ಮರ್ತಿಯ’ ಎಂಬುದು ನಮ್ಮ ‘ಮರ್ತ್ಯ’ ಶಬ್ದದ ಸಹೋದರ. ಮರ್ತ್ಯಲೋಕವೆಂದರೆ ಮನುಷ್ಯಲೋಕವೆಂದು ಯಾರಿಗೆ ತಿಳಿಯದು? ಉತ್ತರಾರ್ಧವೂ ನಮಗೆ ಅಪರಿಚಿತವಲ್ಲ. ಪಾರಸಿ ಭಾಷೆಯಲ್ಲಿ ‘ಖೋರ್’ ಎಂದರೆ ತಿನ್ನುವವನು. ಆಡಳಿತದ ಭಾಷೆಯಾಗಿದ್ದ ಪಾರಸಿಯ ಮೂಲಕ ಆ ಪ್ರತ್ಯಯ ಕನ್ನಡಕ್ಕೂ ಬಂದು ‘ಲಂಚಕೋರ’, ‘ಚಾಡಿಕೋರ’ ಎಂಬ ಮಾತುಗಳಲ್ಲಿ ನೆಲೆನಿಂತಿದೆ. ಲಂಚವನ್ನು ತಿನ್ನುವವನು ಲಂಚಕೋರ. ಮರ್ತ್ಯರನ್ನು ತಿನ್ನುವುದು ಮರ್ತಿಖೋರ. ಹಿಂದಿ ಭಾಷೆಯಲ್ಲಿ ಮನುಷ್ಯರನ್ನು ತಿನ್ನುವ ಹುಲಿಗೆ ಇಂದಿಗೂ ‘ಆದಮ್‌ಖೋರ್’ ಎಂದೇ ಹೆಸರು. ಇಪ್ಪತ್ತನಾಲ್ಕು ಶತಮಾನಗಳ ಬಳಿಕವೂ ಪದದ ಅಚ್ಚು ಬದಲಾಗಿಲ್ಲ.

ಯುರೋಪಿನಲ್ಲಿ ಆ ಪದದ ಗತಿ ಬೇರೆಯಾಯಿತು. ಗ್ರಂಥದಿಂದ ಗ್ರಂಥಕ್ಕೆ ಪ್ರತಿಯಾಗುವಾಗ ಒಂದು ಅಕ್ಷರ ಕೆಟ್ಟು ‘ಮರ್ತಿಖೋರ’ ಹೋಗಿ ‘ಮಂಟಿಕೋರ’ ಆಯಿತು. ಮೂಲದ ಅರ್ಥ ಮರೆತುಹೋಯಿತು. ರೋಮಿನ ಪ್ಲಿನಿ ಅದನ್ನು ತನ್ನ ನಿಸರ್ಗಚರಿತ್ರೆಯಲ್ಲಿ ಸೇರಿಸಿದ. ಮಧ್ಯಯುಗದ ಪ್ರಾಣಿಪುಸ್ತಕಗಳು ಅದರ ಚಿತ್ರಗಳನ್ನು ಬರೆದುವು. ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ಪ್ರವಾಸಿ ಪೌಸಾನಿಯಸ್ ಮಾತ್ರ ವಿವೇಕದ ಮಾತನ್ನು ಆಡಿದ್ದ. ಈ ಮೃಗ ಹುಲಿಯಲ್ಲದೆ ಬೇರೆಯಲ್ಲ; ಅದರ ಭಯದಿಂದ ಜನರು ಮೂರು ಸಾಲು ಹಲ್ಲನ್ನೂ ಬಾಲದ ಮುಳ್ಳನ್ನೂ ಕಲ್ಪಿಸಿಕೊಂಡಿದ್ದಾರೆ ಎಂದು ಆತನ ಅಭಿಪ್ರಾಯ. ಭಯ ಕಣ್ಣಿನ ಕೆಲಸವನ್ನು ತಾನೇ ವಹಿಸಿಕೊಂಡರೆ ಹುಲಿ ಮಂಟಿಕೋರವಾಗುತ್ತದೆ.

ಭಾರತೀಯರ ಮೇಲೆಯೇ ಬಂದ ಆರೋಪ

ಮೃಗದ ವಿಷಯದಲ್ಲಿ ನಡೆದುದು ಮನುಷ್ಯರ ವಿಷಯದಲ್ಲಿಯೂ ನಡೆಯಿತು. ಕ್ರಿ. ಪೂ. ಐದನೆಯ ಶತಮಾನದ ಹೆರೊಡೊಟಸ್ ಕಪ್ಪು ಸಮುದ್ರದ ಉತ್ತರಕ್ಕೆ, ಸಿಥಿಯನ್ನರ ನಾಡಿನಾಚೆ ‘ಆಂಡ್ರೊಫಾಗಿ’ ಎಂಬ ಜನರಿದ್ದಾರೆಂದು ಬರೆದ. ಆ ಹೆಸರಿನ ಅರ್ಥವೂ ನರಭಕ್ಷಕರೆಂದೇ. ಅವರಿಗೆ ನ್ಯಾಯವೂ ಇಲ್ಲ, ಕಟ್ಟಳೆಯೂ ಇಲ್ಲವೆಂದು ಅವನ ವರ್ಣನೆ.

ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗತಕ್ಕ ಸಂಗತಿ ಬೇರೊಂದಿದೆ. ಅದೇ ಹೆರೊಡೊಟಸ್ ಭಾರತದ ಪೂರ್ವಭಾಗದಲ್ಲಿ ‘ಪದೇಯಿ’ ಎಂಬ ಅಲೆಮಾರಿ ಜನರಿದ್ದಾರೆಂದೂ, ತಮ್ಮಲ್ಲಿ ಯಾರಾದರೂ ಕಾಯಿಲೆಬಿದ್ದರೆ ಅವರನ್ನು ಕೊಂದು ತಿನ್ನುತ್ತಾರೆಂದೂ ಬರೆದಿದ್ದಾನೆ. ಇನ್ನೊಂದೆಡೆ ದಾರಿಯಸ್ ಚಕ್ರವರ್ತಿಯ ಪ್ರಸಂಗ ಬರುತ್ತದೆ. ದಾರಿಯಸ್ ಗ್ರೀಕರನ್ನು ಕರೆಯಿಸಿ, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯನ್ನು ತಿನ್ನುವಿರಿ ಎಂದು ಕೇಳುತ್ತಾನೆ. ಎಷ್ಟು ಕೊಟ್ಟರೂ ಆಗದೆಂದು ಅವರು ಉತ್ತರ ಹೇಳುತ್ತಾರೆ. ಬಳಿಕ ಪಿತೃಗಳನ್ನು ತಿನ್ನುವ ಪದ್ಧತಿಯುಳ್ಳವರೆಂದು ಹೇಳಲಾದ ‘ಕಲ್ಲಾತಿಯ’ರೆಂಬ ಭಾರತೀಯರನ್ನು ಕರೆಯಿಸಿ, ಎಷ್ಟು ಕೊಟ್ಟರೆ ತಂದೆಯ ಹೆಣವನ್ನು ಸುಡುವಿರಿ ಎಂದು ಕೇಳುತ್ತಾನೆ, ಅವರು ಅಂತಹ ಘೋರವಾದ ಮಾತನ್ನು ಆಡಬೇಡವೆಂದು ಕೂಗಿಕೊಳ್ಳುತ್ತಾರೆ. ಪ್ರತಿಯೊಬ್ಬನಿಗೂ ತನ್ನ ಸಂಪ್ರದಾಯವೇ ಶ್ರೇಷ್ಠವೆಂಬುದು ಹೆರೊಡೊಟಸ್ ತೆಗೆದ ಸಾರ.

ಕಥೆ ಸೊಗಸಾಗಿದೆ. ಆದರೆ ಹೆರೊಡೊಟಸ್ ಭಾರತಕ್ಕೆ ಬಂದವನಲ್ಲ. ಪದೇಯಿಗಳನ್ನಾಗಲಿ ಕಲ್ಲಾತಿಯರನ್ನಾಗಲಿ ಕಂಡವನಲ್ಲ. ಭೂಪಟದಲ್ಲಿ ತಿಳಿದ ನಾಡು ಮುಗಿದು ತಿಳಿಯದ ನಾಡು ಮೊದಲಾಗುವ ಅಂಚಿನಲ್ಲಿಯೇ ನರಭಕ್ಷಕರು ವಾಸಿಸುತ್ತಿದ್ದರು. ಗ್ರೀಕರಿಗೆ ಆ ಅಂಚು ನಮ್ಮ ದೇಶವಾಗಿತ್ತು.

ಕೊಲಂಬಸ್ ತಂದ ಹೆಸರು

ಇಂದು ಇಂಗ್ಲಿಷಿನಲ್ಲಿ ನರಮಾಂಸವನ್ನು ತಿನ್ನುವ ಮನುಷ್ಯನಿಗೆ ‘ಕ್ಯಾನಿಬಲ್’ ಎಂದು ಹೆಸರು. ಈ ಪದದ ಹುಟ್ಟಿದ ವರ್ಷ 1492 ಎಂದು ಖಚಿತವಾಗಿ ಹೇಳಬಹುದು. ಆ ವರ್ಷದ ಅಕ್ಟೋಬರಿನಲ್ಲಿ ಕೊಲಂಬಸ್ ಅಟ್ಲಾಂಟಿಕ್ ಸಾಗರವನ್ನು ದಾಟಿ ದ್ವೀಪಗಳನ್ನು ತಲಪಿದ. ಏಷ್ಯಕ್ಕೆ ಬಂದಿದ್ದೇನೆಂದೇ ಅವನ ನಂಬಿಕೆ. ನವೆಂಬರಿನಲ್ಲಿ ದ್ವೀಪವಾಸಿಗಳು ಪೂರ್ವದ ಕಡೆಗೆ ಕೈತೋರಿಸಿ, ಅಲ್ಲಿಂದ ಬಂದು ತಮ್ಮನ್ನು ಹಿಡಿದೊಯ್ಯುವ ಜನರ ವಿಷಯವನ್ನು ಭಯದಿಂದ ಹೇಳಿದರು. ಅವರು ಆಡಿದ ಹೆಸರು ಕೊಲಂಬಸ್ಸಿನ ಕಿವಿಗೆ ‘ಕನಿಬ’ ಎಂದು ಕೇಳಿಸಿತು. ಅವನಿಗೆ ಅವರ ಭಾಷೆ ಬರುತ್ತಿರಲಿಲ್ಲ, ಅವರಿಗೆ ಅವನ ಭಾಷೆ ಬರುತ್ತಿರಲಿಲ್ಲ. ನಡೆದ ಸಂಭಾಷಣೆಯೆಲ್ಲ ಸನ್ನೆಯದು.

ಕೊಲಂಬಸ್ ಮೊದಲು ಈ ಮಾತಿನಲ್ಲಿ ತನಗೆ ಬೇಕಾದುದನ್ನೇ ಕೇಳಿದ. ‘ಕನಿಬ’ರೆಂದರೆ ಚೀನಾದ ‘ಮಹಾಖಾನ’ನ ಪ್ರಜೆಗಳೇ ಇರಬೇಕು, ಖಾನನ ಹಡಗುಗಳು ಬಂದು ಇವರನ್ನು ಸೆರೆ ಒಯ್ಯುತ್ತಿವೆ, ಹೋದವರು ಹಿಂತಿರುಗದಿರುವುದರಿಂದ ಅವರನ್ನು ತಿಂದುಬಿಟ್ಟರೆಂದು ಇವರು ಭ್ರಮಿಸಿದ್ದಾರೆ ಎಂದು ಅವನು ಊಹಿಸಿದ. ಆಮೇಲೆ ಆ ಊಹೆ ಬಿದ್ದುಹೋಗಿ ನರಭಕ್ಷಣೆಯ ಮಾತೇ ಉಳಿಯಿತು. ವಾಸ್ತವವಾಗಿ ‘ಕನಿಬ’, ‘ಕಾರಿಬ’ ಎಂಬುವು ಒಂದೇ ಜನಾಂಗನಾಮದ ಉಚ್ಚಾರಭೇದಗಳು. ‘ಕಾರಿಬ’ದಿಂದ ಕ್ಯಾರಿಬಿಯನ್ ಸಮುದ್ರಕ್ಕೆ ಹೆಸರಾಯಿತು, ‘ಕನಿಬ’ದಿಂದ ಕ್ಯಾನಿಬಲ್ ಹುಟ್ಟಿತು. ಒಂದು ಜನಾಂಗದ ಹೆಸರೇ ಒಂದು ದುಷ್ಕೃತ್ಯದ ಹೆಸರಾಗಿ ನಿಘಂಟನ್ನು ಸೇರಿತು.

ಇದು ಕೇವಲ ನಿಘಂಟಿನ ವಿಷಯವಾಗಿದ್ದರೆ ಚಿಂತೆಯಿರಲಿಲ್ಲ. 1503ರಲ್ಲಿ ಸ್ಪೇನಿನ ರಾಣಿ ಇಸಬೆಲ್ಲಾ ಒಂದು ಆಜ್ಞೆಯನ್ನು ಹೊರಡಿಸಿದಳು. ಹೊಸ ನಾಡಿನ ಇತರ ಪ್ರಜೆಗಳನ್ನು ಸೆರೆಹಿಡಿಯಕೂಡದು. ಆದರೆ ವಿಧೇಯರಾಗದ ‘ಕನಿಬಲ’ರನ್ನು ಹಿಡಿದು ಗುಲಾಮರನ್ನಾಗಿ ಮಾರಬಹುದು ಎಂಬುದು ಅದರ ತಾತ್ಪರ್ಯ. ಅಂದಿನಿಂದ ಒಂದು ದ್ವೀಪದ ಜನರು ನರಭಕ್ಷಕರೇ ಅಲ್ಲವೇ ಎಂಬ ಪ್ರಶ್ನೆ ಗುಲಾಮರ ವ್ಯಾಪಾರಿಗಳ ಲಾಭನಷ್ಟದ ಪ್ರಶ್ನೆಯಾಯಿತು. ಯಾವ ಪ್ರದೇಶದವರು ಕಾರಿಬರು, ಯಾವ ಪ್ರದೇಶದವರು ಅಲ್ಲ ಎಂದು ವಿಂಗಡಿಸುವುದಕ್ಕೆ 1520ರ ವೇಳೆಗೆ ಫಿಗೆರೋವಾ ಎಂಬ ನ್ಯಾಯಾಧಿಕಾರಿಯೇ ಪಟ್ಟಿಯನ್ನು ಸಿದ್ಧಪಡಿಸಬೇಕಾಯಿತು. ಪಟ್ಟಿಯಲ್ಲಿ ಸೇರಿದವರಿಗೆ ಸಂಕೋಲೆ; ಸೇರದವರಿಗೆ ರಕ್ಷಣೆ. ಸಾಕ್ಷ್ಯವಾದರೋ ಬಹುಮಟ್ಟಿಗೆ ಕೇಳಿಕೆಯ ಮಾತು.

ಇದೇ ಕಾಲದಲ್ಲಿ ಯುರೋಪಿನ ಔಷಧದಂಗಡಿಗಳಲ್ಲಿ ‘ಮುಮಿಯ’ ಎಂಬ ಪುಡಿ ಮಾರಾಟವಾಗುತ್ತಿತ್ತು. ಅದು ಈಜಿಪ್ಟಿನಿಂದ ತಂದ ಒಣಗಿದ ಹೆಣಗಳ ಪುಡಿ. ಗಾಯಕ್ಕೂ ಹೊಟ್ಟೆನೋವಿಗೂ ಮದ್ದೆಂದು ಅದನ್ನು ಸೇವಿಸುತ್ತಿದ್ದರು. ಸೇವಿಸಿದವರನ್ನು ಯಾರೂ ಕನಿಬಲರೆಂದು ಕರೆಯಲಿಲ್ಲ. ಫ್ರಾನ್ಸಿನ ಪ್ರಬಂಧಕಾರ ಮಾಂಟೇನ್ 1580ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಈ ಇಬ್ಬಗೆಯ ನೀತಿಯನ್ನು ಬಯಲಿಗೆಳೆದ. ಬ್ರೆಜಿಲಿನವರು ಸತ್ತ ಶತ್ರುವನ್ನು ತಿನ್ನುವುದಕ್ಕಿಂತ, ಮತದ ಹೆಸರಿನಲ್ಲಿ ಬದುಕಿರುವವನನ್ನು ಹಿಂಸಿಸಿ ಸುಡುವುದು ಹೆಚ್ಚಿನ ಕ್ರೌರ್ಯವಲ್ಲವೇ ಎಂಬುದು ಆತನ ವಾದ.

ಆರೋಪಕ್ಕೂ ಸಾಕ್ಷ್ಯಕ್ಕೂ ಇರುವ ಅಂತರ

ಹಾಗಾದರೆ ಮನುಷ್ಯರು ಮನುಷ್ಯರನ್ನು ತಿಂದದ್ದೇ ಸುಳ್ಳೆ? 1979ರಲ್ಲಿ ವಿಲಿಯಮ್ ಆರೆನ್ಸ್ ಎಂಬ ಮಾನವವಿಜ್ಞಾನಿ ಹಳೆಯ ವರದಿಗಳನ್ನೆಲ್ಲ ಜಾಲಿಸಿ ನೋಡಿ, ಆಚಾರವಾಗಿ ನಡೆದ ನರಭಕ್ಷಣೆಗೆ ತೃಪ್ತಿಕರವಾದ ಪ್ರತ್ಯಕ್ಷಸಾಕ್ಷ್ಯ ದೊರೆಯಲಿಲ್ಲವೆಂದು ಸಾರಿದರು. ಅನೇಕ ವಿದ್ವಾಂಸರು ಇದನ್ನು ಅತಿಯೆಂದು ಖಂಡಿಸಿದರು. ಆದರೆ ಆ ವಾದದಿಂದ ಒಂದು ಉಪಕಾರವಾಯಿತು: ಕೇಳಿಕೆಯ ಮಾತನ್ನು ಬಿಟ್ಟು ಭೌತಿಕ ಸಾಕ್ಷ್ಯವನ್ನು ಹುಡುಕುವುದು ಅನಿವಾರ್ಯವಾಯಿತು.

ಅಂತಹ ಸಾಕ್ಷ್ಯಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. ಅಮೆರಿಕದ ಕೊಲೊರಾಡೊ ಪ್ರಾಂತದ ಕೌಬಾಯ್ ವಾಷ್ ಎಂಬಲ್ಲಿ, ಸುಮಾರು ಕ್ರಿ. ಶ. 1150ರಲ್ಲಿ ಪಾಳುಬಿದ್ದ ಮನೆಗಳ ಉತ್ಖನನವಾಯಿತು. ಅಲ್ಲಿ ಕಡಿದ ಗುರುತುಳ್ಳ ಮನುಷ್ಯರ ಎಲುಬುಗಳು ಸಿಕ್ಕಿದುವು. ಎಲುಬನ್ನು ಕಡಿದವರು ತಿಂದರೆಂದು ಹೇಳುವುದು ಹೇಗೆ? ಅದೇ ಸ್ಥಳದಲ್ಲಿ ಒಣಗಿ ಉಳಿದಿದ್ದ ಮನುಷ್ಯಮಲವನ್ನೂ ಅಡಿಗೆಯ ಮಡಕೆಯ ಚೂರುಗಳನ್ನೂ ಪರೀಕ್ಷಿಸಿದಾಗ ಅವುಗಳಲ್ಲಿ ಮನುಷ್ಯನ ‘ಮಯೊಗ್ಲೊಬಿನ್’ ಇದ್ದುದು 2000ದಲ್ಲಿ ಪ್ರಕಟವಾಯಿತು. ಮಯೊಗ್ಲೊಬಿನ್ ಎಂಬುದು ಅಸ್ಥಿಗೆ ಅಂಟಿದ ಸ್ನಾಯುಗಳಲ್ಲಿಯೂ ಹೃದಯದ ಸ್ನಾಯುವಿನಲ್ಲಿಯೂ ಇರುವ ಪ್ರೋಟೀನು. ಕರುಳಿನ ಗೋಡೆಯಲ್ಲಿ ಅದು ಇಲ್ಲ. ಆದುದರಿಂದ ಮಾಂಸವನ್ನು ತಿಂದ ಹೊರತು ಅದು ಮಲದಲ್ಲಿ ಬರಲಾರದು. ಇಲ್ಲಿ ಸಾಕ್ಷಿ ಹೇಳಿದುದು ಶತ್ರುವಲ್ಲ, ಪ್ರವಾಸಿಯಲ್ಲ, ಒಂದು ಅಣು.

ಎರಡನೆಯದು ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ಫೋರೆ ಜನರದು. ಅವರಲ್ಲಿ ‘ಕುರು’ ಎಂಬ ರೋಗ ಹಬ್ಬಿ, ನಡುಕ ಬಂದು, ನಡೆಯಲಾರದೆ, ರೋಗಿಗಳು ಸಾಯುತ್ತಿದ್ದರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಹೆಚ್ಚು. ಸತ್ತ ಬಂಧುವಿನ ದೇಹವನ್ನು ಉತ್ತರಕ್ರಿಯೆಯ ಅಂಗವಾಗಿ ತಿನ್ನುವ ಪದ್ಧತಿ ಅವರಲ್ಲಿತ್ತು. ಮಿದುಳು ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬರುತ್ತಿತ್ತು. ರೋಗ ಹೀಗೆ ಅಂಟುತ್ತದೆಂಬುದು ಕ್ರಮೇಣ ಸಿದ್ಧವಾಯಿತು. ಈ ಸಂಶೋಧನೆಗಾಗಿ ಗಾಜ್ಡುಸೆಕ್ ಅವರಿಗೆ 1976ರಲ್ಲಿಯೂ, ಇಂತಹ ರೋಗಗಳಿಗೆ ಕಾರಣವಾದ ‘ಪ್ರಿಯಾನ್’ ಎಂಬ ವಿಕೃತ ಪ್ರೋಟೀನನ್ನು ಕಂಡುಹಿಡಿದುದಕ್ಕಾಗಿ ಪ್ರೂಸಿನರ್ ಅವರಿಗೆ 1997ರಲ್ಲಿಯೂ ನೊಬೆಲ್ ಪಾರಿತೋಷಕ ಬಂದಿತು. 1950ರ ದಶಕದಲ್ಲಿ ಆ ಪದ್ಧತಿ ನಿಂತುಹೋಯಿತು. ಅದರೊಂದಿಗೆ ರೋಗವೂ ಕಾಲಕ್ರಮದಲ್ಲಿ ಅಳಿಯಿತು.

ಫೋರೆ ಜನರು ಮನುಷ್ಯಮಾಂಸವನ್ನು ತಿಂದದ್ದು ನಿಜ. ಆದರೆ ಅವರು ಹಸಿವಿನಿಂದ ತಿನ್ನಲಿಲ್ಲ, ಹಗೆಯಿಂದ ತಿನ್ನಲಿಲ್ಲ; ಸತ್ತವರ ಮೇಲಣ ಮಮತೆಯಿಂದ, ದೇಹವನ್ನು ಹುಳುಗಳಿಗೆ ಬಿಡಬಾರದೆಂದು ತಿಂದರು. ಬಕನಿಗೂ ಇವರಿಗೂ ಒಂದೇ ಹೆಸರನ್ನು ಕೊಟ್ಟರೆ ಆ ಹೆಸರಿನಿಂದ ಏನು ತಿಳಿದಂತಾಯಿತು?

ಪದ ಹುಲಿಗೆ ಅಂಟಿದ್ದು

‘ಮನುಷ್ಯರನ್ನು ತಿನ್ನುವವನು’ ಎಂಬ ನೇರ ಅರ್ಥದ ‘ಮ್ಯಾನ್‌ಈಟರ್’ ಎಂಬ ಇಂಗ್ಲಿಷ್ ಮಾತು ಸಹ ಮೊದಲು ಮನುಷ್ಯರ ವಿಷಯದಲ್ಲಿಯೇ ಬಳಕೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಬ್ರಿಟಿಷ್ ಬೇಟೆಗಾರರ ಬರವಣಿಗೆಯ ಮೂಲಕ ಅದು ಹುಲಿಯ ಹೆಸರಾಗಿ ಪ್ರಸಿದ್ಧವಾಯಿತು. ಬಿಳಿಯ ಶಾರ್ಕ್ ಮೀನಿಗೂ ಅದೇ ಹೆಸರು ಬಿತ್ತು. ಜಿಮ್ ಕಾರ್ಬೆಟ್ಟರ ಕುಮಾವೂನಿನ ನರಭಕ್ಷಕಗಳ ಪುಸ್ತಕ 1944ರಲ್ಲಿ ಪ್ರಕಟವಾಗಿ ಲೋಕವನ್ನೆಲ್ಲ ಸುತ್ತಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನರು 1954ರಿಂದ ದಕ್ಷಿಣದ ಕಾಡುಗಳ ಇಂತಹ ಕಥೆಗಳನ್ನು ಬರೆದರು. ಪೂರ್ಣಚಂದ್ರ ತೇಜಸ್ವಿಯವರು ಅವನ್ನು ಕನ್ನಡಕ್ಕೆ ತಂದು ನಮ್ಮವನ್ನಾಗಿ ಮಾಡಿದರು.

ಕಾರ್ಬೆಟ್ಟರ ಪುಸ್ತಕದ ಬೆಲೆ ಬೇಟೆಯ ರೋಮಾಂಚದಲ್ಲಿ ಮಾತ್ರ ಇಲ್ಲ. ಹುಲಿ ಸ್ವಭಾವತಃ ನರಭಕ್ಷಕವಲ್ಲ. ಗಾಯ, ಮುಪ್ಪು ಮುಂತಾದ ಕಾರಣಗಳಿಂದ ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದಾದಾಗ ಹಾಗಾಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅವರು 1907ರಲ್ಲಿ ಕೊಂದ ಚಂಪಾವತಿಯ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಅದರ ಬಾಯನ್ನು ನೋಡಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದುವು. ಅದು ಹಳೆಯ ಗುಂಡೇಟಿನ ಫಲ. ಮುಕ್ತೇಶ್ವರದ ಹೆಣ್ಣುಹುಲಿ ಮುಳ್ಳುಹಂದಿಯೊಡನೆ ಹೋರಾಡಿ ಒಂದು ಕಣ್ಣನ್ನು ಕಳೆದುಕೊಂಡು, ಕಾಲಿನಲ್ಲಿ ಹತ್ತಾರು ಮುಳ್ಳುಗಳನ್ನು ಚುಚ್ಚಿಸಿಕೊಂಡಿತ್ತು. ಅಂದರೆ ಕಾರ್ಬೆಟ್ಟರು ಹುಲಿಯನ್ನು ಬಕನ ಸಾಲಿನಿಂದ ಬಿಡಿಸಿ ಕಲ್ಮಾಷಪಾದನ ಸಾಲಿಗೆ ಸೇರಿಸಿದರು.

ತ್ಸಾವೋ ಸಿಂಹಗಳ ಲೆಕ್ಕ

ಇನ್ನು ಸಂಖ್ಯೆಗಳ ಮಾತು. 1898ರಲ್ಲಿ ಪೂರ್ವ ಆಫ್ರಿಕದ, ಇಂದಿನ ಕೀನ್ಯದ, ತ್ಸಾವೋ ನದಿಗೆ ರೈಲ್ವೆ ಸೇತುವೆಯನ್ನು ಕಟ್ಟುತ್ತಿದ್ದರು. ಕೂಲಿಗಳಲ್ಲಿ ಬಹುಮಂದಿ ಭಾರತೀಯರು. ಎರಡು ಗಂಡುಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಜನರನ್ನು ಎಳೆದೊಯ್ಯತೊಡಗಿ, ಕೆಲವು ವಾರ ಕೆಲಸವೇ ನಿಂತುಹೋಯಿತು. ಎಂಜಿನಿಯರ್ ಪ್ಯಾಟರ್ಸನ್ ಅದೇ ಡಿಸೆಂಬರಿನಲ್ಲಿ ಎರಡನ್ನೂ ಕೊಂದರು. 1907ರ ತಮ್ಮ ಪುಸ್ತಕದಲ್ಲಿ ಅವರು 28 ಭಾರತೀಯರ, ಹಾಗೂ ಲೆಕ್ಕವಿಡದಿದ್ದ ಆಫ್ರಿಕನರ ಸಾವನ್ನು ಹೇಳಿದರು; ಮುಂದೆ ಒಟ್ಟು ಸಂಖ್ಯೆ 135 ಎಂದರು. ಯಾವುದು ನಿಜ?

ಸಿಂಹಗಳ ಚರ್ಮಗಳು ಕಾಲು ಶತಮಾನ ಪ್ಯಾಟರ್ಸನ್ನರ ನೆಲಹಾಸುಗಳಾಗಿದ್ದು, ಬಳಿಕ ಚಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯವನ್ನು ಸೇರಿದುವು. ಆ ರೋಮಗಳನ್ನೂ ಎಲುಬುಗಳನ್ನೂ ವಿಜ್ಞಾನಿಗಳು ಪರೀಕ್ಷಿಸಿದರು. ಪರೀಕ್ಷೆಯ ತತ್ತ್ವ ಕಾಲೇಜಿನ ವಿದ್ಯಾರ್ಥಿಗೆ ಪರಿಚಿತವಾದುದೇ. ಇಂಗಾಲದ ಪರಮಾಣುಗಳಲ್ಲಿ ಬಹುಪಾಲು 12 ರಾಶಿಸಂಖ್ಯೆಯವು. ನೂರಕ್ಕೆ ಸುಮಾರು ಒಂದು ಮಾತ್ರ 13ರದು. ಇವು ಒಂದೇ ಧಾತುವಿನ ಐಸೊಟೋಪುಗಳು. ಒಂದೇ ವೇಗದ, ಒಂದೇ ವಿದ್ಯುದಂಶದ ಅಯಾನುಗಳಾಗಿ ಇವನ್ನು ಕಾಂತಕ್ಷೇತ್ರಕ್ಕೆ ಬಿಟ್ಟರೆ ಹಗುರವಾದುದು ಹೆಚ್ಚು ಬಾಗುತ್ತದೆ, ಭಾರವಾದುದು ಕಡಮೆ ಬಾಗುತ್ತದೆ. ಎರಡೂ ಬೇರೆ ಬೇರೆ ಸ್ಥಳಗಳಲ್ಲಿ ಬಿದ್ದು, ಅವುಗಳ ಪ್ರಮಾಣವನ್ನು ಎಣಿಸುವುದು ಸಾಧ್ಯವಾಗುತ್ತದೆ. ಇದೇ ಮಾಸ್ ಸ್ಪೆಕ್ಟ್ರೊಮೀಟರಿನ ಮೂಲತತ್ತ್ವ.

ಉಷ್ಣವಲಯದ ಹುಲ್ಲುಗಳು ಇಂಗಾಲ-13ನ್ನು ಗಿಡಮರಗಳಿಗಿಂತ ತುಸು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಹುಲ್ಲು ಮೇಯುವ ಜೀಬ್ರದ ಮಾಂಸಕ್ಕೂ ಸೊಪ್ಪು ಮೇಯುವ ಜಿರಾಫೆಯ ಮಾಂಸಕ್ಕೂ ಆದುದರಿಂದ ವ್ಯತ್ಯಾಸವುಂಟು. ಸಾರಜನಕ-15ರ ಪ್ರಮಾಣವಾದರೋ ಆಹಾರಸರಣಿಯಲ್ಲಿ ಒಂದೊಂದು ಮೆಟ್ಟಿಲು ಮೇಲೇರಿದಂತೆ ಸಾವಿರಕ್ಕೆ ಸುಮಾರು ಮೂರರಂತೆ ಹೆಚ್ಚುತ್ತದೆ. ಈ ಎರಡನ್ನೂ ಕೂಡಿಸಿ ನೋಡಿದರೆ ಪ್ರಾಣಿ ಏನನ್ನು ತಿಂದಿತೆಂಬುದು ಅದರ ಮೈಯಲ್ಲಿಯೇ ಬರೆದಿಟ್ಟಂತೆ ತೋರುತ್ತದೆ. ಎಲುಬು ಹಲವು ವರ್ಷಗಳ ಸರಾಸರಿಯನ್ನೂ ರೋಮ ಕೊನೆಯ ಕೆಲವು ತಿಂಗಳುಗಳ ಆಹಾರವನ್ನೂ ತಿಳಿಸುತ್ತದೆ.

2009ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಒಂದು ಸಿಂಹ ಸುಮಾರು 24 ಜನರಷ್ಟು, ಇನ್ನೊಂದು ಸುಮಾರು 11 ಜನರಷ್ಟು, ಒಟ್ಟು ಸುಮಾರು 35 ಜನರಷ್ಟು ಮಾಂಸವನ್ನು ತಿಂದಿದ್ದುವು. ಅಳತೆಯ ಅನಿಶ್ಚಿತತೆಯನ್ನು ಗಣಿಸಿದರೆ ಈ ಸಂಖ್ಯೆ 4ರಿಂದ 72ರವರೆಗೆ ಎಲ್ಲಿಯಾದರೂ ಇರಬಹುದು, 135 ಆಗಲಾರದು. ಹೆಚ್ಚು ಜನರನ್ನು ತಿಂದ ಸಿಂಹದ ಕೆಳದವಡೆಯ ಕೋರೆಹಲ್ಲು ಮುರಿದು, ಅದರ ಬುಡ ಕೀವುಗಟ್ಟಿತ್ತು. ಕೊನೆಯ ತಿಂಗಳುಗಳಲ್ಲಿಯೂ ಅದರ ಆಹಾರದಲ್ಲಿ ಮನುಷ್ಯರ ಪಾಲು ಮೂರನೆಯ ಒಂದನ್ನು ಮೀರಿರಲಿಲ್ಲ. 2024ರಲ್ಲಿ ಅದೇ ಸಿಂಹಗಳ ಹಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ರೋಮಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದಾಗ ಮನುಷ್ಯನ ಜೊತೆಗೆ ಜಿರಾಫೆ, ಜೀಬ್ರ ಮುಂತಾದ ಹಲವು ಪ್ರಾಣಿಗಳ ಗುರುತು ದೊರೆಯಿತು. ಅತಿ ಪ್ರಸಿದ್ಧವಾದ ನರಭಕ್ಷಕಗಳೂ ಮುಖ್ಯವಾಗಿ ಮೃಗಭಕ್ಷಕಗಳೇ ಆಗಿದ್ದುವು.

ಇಲ್ಲಿ ಒಂದು ಎಚ್ಚರ ಅಗತ್ಯ. ಐಸೊಟೋಪು ಹೇಳುವುದು ತಿಂದವರ ಲೆಕ್ಕವನ್ನು, ಕೊಂದವರ ಲೆಕ್ಕವನ್ನಲ್ಲ. ಕೊಂದು ಬಿಟ್ಟುಹೋದ ದೇಹದ ಗುರುತು ರೋಮದಲ್ಲಿ ಉಳಿಯುವುದಿಲ್ಲ. 35 ಎಂಬ ಸಂಖ್ಯೆಯಿಂದ ಆ ಕೂಲಿಗಳ ಸಂಕಟವೂ ಕಡಮೆಯಾಗುವುದಿಲ್ಲ.

ಇಂದಿನ ಪ್ರಶ್ನೆ

ಈ ಪದದ ಮೇಲೆ ಇಂದಿಗೂ ಪ್ರಾಣಗಳು ನಿಂತಿವೆ. ಹುಲಿಯ ಪ್ರಾಣವೂ ಮನುಷ್ಯನ ಪ್ರಾಣವೂ. ಸೌದೆಗೆಂದೋ ದನ ಮೇಯಿಸಲೆಂದೋ ಹೋದವರು ಹಿಂತಿರುಗದ ಊರಿನಲ್ಲಿ ಪದಗಳ ಚರ್ಚೆ ಕ್ರೂರವಾಗಿ ಕೇಳಿಸಬಹುದು. ಆದರೆ ತಪ್ಪು ಹುಲಿಯನ್ನು ಕೊಂದರೆ ಊರಿಗೆ ರಕ್ಷಣೆ ದೊರೆಯುವುದಿಲ್ಲ; ಅಪಾಯಕಾರಿಯಾದ ಹುಲಿ ಕಾಡಿನಲ್ಲಿಯೇ ಉಳಿದಿರುತ್ತದೆ. ಆದುದರಿಂದ ನಿಖರತೆ ಹುಲಿಯ ಪರವಾದ ವಾದವಲ್ಲ, ಊರಿನ ಹಿತವೂ ಅದರಲ್ಲಿಯೇ ಇದೆ.

ಕೇಳಬೇಕಾದ ಪ್ರಶ್ನೆಗಳು ಮೂರು. ಕೊಂದದ್ದು ಯಾವ ಪ್ರಾಣಿ? ಕೊಂದದ್ದನ್ನು ತಿಂದಿತೆ? ಅದು ರೂಢಿಯಾಗಿದೆಯೆ? ಮರಿಗಳೊಡನಿದ್ದ ಹುಲಿ ಬೆದರಿ ಹೊಡೆದು ಕೊಂದರೆ ಅದು ನರಘಾತಕವಾದೀತು, ನರಭಕ್ಷಕವಾಗದು. ಆನೆ ಮನುಷ್ಯನನ್ನು ಕೊಲ್ಲುತ್ತದೆ. ಅದನ್ನು ಪುಂಡಾನೆ ಎನ್ನುತ್ತೇವೆಯೇ ಹೊರತು ನರಭಕ್ಷಕವೆನ್ನುವುದಿಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವ ಸಾಧನಗಳು ಈಗ ಇವೆ. ಒಂದು ಹುಲಿಯ ಪಟ್ಟೆಗಳಂತೆ ಇನ್ನೊಂದರವು ಇರುವುದಿಲ್ಲ. ಕಾಡಿನಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಗಳನ್ನಿಟ್ಟು ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ ಎಣಿಸುವ ಕ್ರಮವನ್ನು 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿಯೇ ರೂಢಿಗೆ ತಂದರು. ಗಾಯದಲ್ಲಿ ಉಳಿದ ಜೊಲ್ಲಿನ ಡಿ.ಎನ್.ಎ.ಯಿಂದಲೂ ಕೊಂದ ಪ್ರಾಣಿಯನ್ನು ಪತ್ತೆಹಚ್ಚುವುದು ಸಾಧ್ಯ.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಹನ್ನೊಂದನೆಯ ವಿಧಿ ಈ ವಿಷಯಕ್ಕೆ ಸಂಬಂಧಿಸಿದೆ. ಅದರಲ್ಲಿ ‘ನರಭಕ್ಷಕ’ ಎಂಬ ಮಾತೇ ಇಲ್ಲ. ‘ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ’ ಎಂಬ ಅರ್ಥದ ಮಾತಿದೆ. ಹುಲಿಯಂತಹ ಪ್ರಾಣಿಯನ್ನು ಕೊಲ್ಲಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ಬರೆದು ಆಜ್ಞೆ ಮಾಡಬೇಕು. ಅದನ್ನು ಹಿಡಿಯಲು, ಮಂಪರು ಬರಿಸಲು, ಬೇರೆಡೆಗೆ ಸಾಗಿಸಲು ಆಗದೆಂದು ಮೊದಲು ಮನಗಾಣಬೇಕು. ಕಾನೂನು ಹೀಗೆ ಜಾತಿಯ ಸ್ವಭಾವವನ್ನು ಬಿಟ್ಟು ಒಂದು ಪ್ರಾಣಿಯ ನಡತೆಯನ್ನು ವಿಚಾರಿಸುತ್ತದೆ. ಮರ್ತಿಖೋರನಿಗೂ ಕನಿಬಲನಿಗೂ ಇಂತಹ ವಿಚಾರಣೆ ದೊರೆಯಲಿಲ್ಲ.

ಪದಗಳನ್ನು ನಾವು ಬಿಡಬೇಕಾಗಿಲ್ಲ. ಭಾಷೆಯಲ್ಲಿ ನೆಲೆನಿಂತ ಮಾತು ಯಾರ ಆಜ್ಞೆಯಿಂದಲೂ ಹೋಗುವುದಿಲ್ಲ. ಆದರೆ ‘ನರಭಕ್ಷಕ’ ಎಂಬ ಮಾತನ್ನು ಓದಿದಾಗಲೆಲ್ಲ, ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. ಆ ಎರಡು ಪ್ರಶ್ನೆಗಳನ್ನು 1503ರಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ ಸಂಕೋಲೆಯಿಂದ ಪಾರಾಗುತ್ತಿದ್ದವರು ಬಹಳ ಮಂದಿ.